ಸುರುಳಿ ಬಳೆಗೂ ಎಲೆಕ್ಟ್ರಾನ್ ಸ್ಪಿನ್‌ಗೂ ಸಂಬಂಧವಿಲ್ಲ: ಒಂದು ಸ್ಪಷ್ಟನೆ

ಧಾರವಾಡದ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ತಾಮ್ರದ ತಂತಿಯನ್ನು ಬಲಕ್ಕೆ ಸುತ್ತಿ ಕೈಗೆ ಹಾಕಿಕೊಳ್ಳಿ. ಮೈಯೊಳಗಿನ ಎಲೆಕ್ಟ್ರಾನ್‌ಗಳೆಲ್ಲ ಒಂದೇ ಕಡೆ ತಿರುಗಿ ಮಂಡಿನೋವು ಹೋಗುತ್ತದೆ. ಡಿಎನ್‌ಎ ಮೇಲೆ ಸಾಬೀತಾಗಿದೆ." ಇದು ತಪ್ಪು. ಇಬ್ಬರು ಈಗಾಗಲೇ ಸುತ್ತಿಕೊಂಡೂ ಆಗಿದೆ!

ಡಿಎನ್‌ಎ ಮಾತು ಮಾತ್ರ ಸುಮ್ನೆ ಹುಟ್ಟಿದ್ದಲ್ಲ. ಇಸ್ರೇಲಿನ ವಿಜ್ಞಾನಿ ರಾನ್ ನಾಮನ್ ಮತ್ತು ಜೊತೆಗಾರರು 1999ರಿಂದ ಅಣುಗಳ ಪದರದ ಮೂಲಕ ಎಲೆಕ್ಟ್ರಾನ್ ಹಾಯಿಸಿ ನೋಡುವ ಪ್ರಯೋಗ ಮಾಡುತ್ತ ಬಂದಿದ್ದಾರೆ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿನ್ನದ ಮೇಲೆ ಡಿಎನ್‌ಎಯ ತೆಳು ಪದರ ಕೂರಿಸಿ, ಅದನ್ನು ದಾಟಿ ಬಂದ ಎಲೆಕ್ಟ್ರಾನ್‌ಗಳನ್ನು ಅಳೆದರು. ಸ್ಪಿನ್ ಅಂದರೆ ಎಲೆಕ್ಟ್ರಾನ್‌ನ ಒಂದು ಗುಣ, ಅಳೆದರೆ ಅದರಲ್ಲಿ ಎರಡೇ ಬಗೆ. ದಾಟಿ ಬಂದ ನೂರರಲ್ಲಿ ಸುಮಾರು 80 ಒಂದೇ ಸ್ಪಿನ್‌ನವು. ಅದೂ ಕೋಣೆಯ ಉಷ್ಣತೆಯಲ್ಲೇ.

ಹಗ್ಗ ಹೊಸೆಯುವುದನ್ನು ನೋಡಿದ್ದೀರಿ ಅಲ್ವಾ? ಬಲಕ್ಕೆ ಹುರಿಗೊಂಡ ಹಗ್ಗವನ್ನು ತಲೆಕೆಳಗೆ ಹಿಡಿದರೂ ಹುರಿ ಬಲಕ್ಕೇ. ಕನ್ನಡಿಯಲ್ಲಿ ಮಾತ್ರ ಎಡಕ್ಕೆ ಕಾಣುತ್ತದೆ. ಕೈರಲ್ ಅಣುಗಳೂ, ಅಂದರೆ ತಮ್ಮ ಕನ್ನಡಿ ಬಿಂಬಕ್ಕೆ ಹೊಂದದ ಅಣುಗಳೂ ಹೀಗೆಯೇ. ಸುರುಳಿಯಾಗಿರುವ ಡಿಎನ್‌ಎ ಕೂಡ ಅಂಥದ್ದು. ಅಣುವಿನ ಹುರಿ ಉಲ್ಟಾ ಆದರೆ, ಸಲೀಸಾಗಿ ದಾಟುವ ಸ್ಪಿನ್ ಕೂಡ ಉಲ್ಟಾ. ಕಾರ್ಬನ್‌ನಂಥ ಹಗುರ ಪರಮಾಣುಗಳಿಂದ ಇಷ್ಟು ದೊಡ್ಡ ಪರಿಣಾಮ ಹೇಗೆ ಬರುತ್ತದೆ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಸಿಕ್ಕಿಲ್ಲ.

ಇನ್ನು ಬಳೆ. ಡಿಎನ್‌ಎ ಎಳೆಯ ಅಗಲ ಸುಮಾರು 2 ನ್ಯಾನೊಮೀಟರ್. ಬಳೆ ಅದರ ಕೋಟಿಗಟ್ಟಲೆ ಪಟ್ಟು ದೊಡ್ಡದು. ತಂತಿಯನ್ನು ಯಾವ ಕಡೆ ಸುತ್ತಿದರೂ ಒಳಗಿನ ತಾಮ್ರದ ಪರಮಾಣುಗಳ ಜೋಡಣೆಗೆ ಎಡ-ಬಲ ಬರುವುದಿಲ್ಲ. ಸ್ಪಿನ್ ಅಂದರೆ ಬುಗುರಿ ತಿರುಗಿದ ಹಾಗೂ ಅಲ್ಲ, ಅದು ಎಲೆಕ್ಟ್ರಾನ್‌ನ ಹುಟ್ಟುಗುಣ. ಆ ಪ್ರಯೋಗಗಳಲ್ಲಿ ಮಂಡಿಯ ಸುದ್ದಿಯೇ ಇಲ್ಲ.