ಸತ್ಯಾಂಶ: ಸಾದಾ ಬಿ.ಎಸ್ಸಿ.ಗೆ ನೀಟ್ ಬೇಕಿಲ್ಲ

ಪಿಯು ಫಲಿತಾಂಶ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: ನೀಟ್ ಪ್ರವೇಶ ಪರೀಕ್ಷೆ ಬರೆಯದವರಿಗೆ ಬಿ.ಎಸ್ಸಿ. ಇಲ್ಲ, ಮುಂದೆ ಶಿಕ್ಷಕರಾಗಲು ಓದುವ ಬಿ.ಇಡಿ.ಯೂ ಇಲ್ಲ. ಇದು ತಪ್ಪು.

ನೀಟ್ ಬೇಕಾಗುವುದು ಎಂಬಿಬಿಎಸ್, ದಂತ ವೈದ್ಯಕೀಯ, ಆಯುರ್ವೇದದಂಥ ಪದವಿಗಳಿಗೆ. ಊರಿನ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಲು ಪಿಯು ವಿಜ್ಞಾನದ ಅಂಕಗಳೇ ಆಧಾರ. ಗೊಂದಲಕ್ಕೆ ಕಾರಣವೂ ಇದೆ: ವಿಜಯಪುರದ ಬಿ.ಎಸ್ಸಿ. ಕೃಷಿ, ಬಾಗಲಕೋಟೆಯ ಬಿ.ಎಸ್ಸಿ. ತೋಟಗಾರಿಕೆಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಯಬೇಕು. ನೀಟ್ ಸಾಕೆಂದು ಸಿಇಟಿ ಬಿಟ್ಟರೆ ಒಂದು ವರ್ಷವೇ ಹೋದೀತು.

ರಾಜ್ಯದಲ್ಲಿ 2 ವರ್ಷದ ಬಿ.ಇಡಿ. ಸೀಟು ಸಿಗುವುದು ಅಂಕಗಳ ಮೆರಿಟ್ ಮೇಲೆ. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 50 ಬೇಕು; ಪದವಿಯಲ್ಲಿ ಕಡಿಮೆಯಾದರೂ ಸ್ನಾತಕೋತ್ತರದಲ್ಲಿ ಅಷ್ಟಿದ್ದರೆ ದಾರಿ ಇದೆ. ಪದವಿ, ಬಿ.ಇಡಿ. ಎರಡೂ ಸೇರಿದ ಐಟಿಇಪಿ ಎಂಬ 4 ವರ್ಷದ ಸಂಯೋಜಿತ ಕೋರ್ಸಿಗೆ ಪ್ರತ್ಯೇಕ ರಾಷ್ಟ್ರೀಯ ಪರೀಕ್ಷೆ ಇದೆ, ಅದೂ ನೀಟ್ ಅಲ್ಲ.

ಸಂದೇಶದಲ್ಲಿ ಅಧಿಸೂಚನೆಯ ಸಂಖ್ಯೆ, ದಿನಾಂಕ ಇವೆಯೇ ನೋಡಿ. ಇಲ್ಲದಿದ್ದರೆ ಅಧಿಕೃತ ಜಾಲತಾಣದಿಂದ ಇದೇ ವರ್ಷದ ಮಾಹಿತಿ ಪುಸ್ತಕ ಇಳಿಸಿಕೊಂಡು ಅರ್ಹತೆಯ ಪುಟ ಓದಿ. ಹಳೆಯ ಪಿಡಿಎಫ್ ನಂಬಬೇಡಿ. ಕಳಿಸಿದವರಿಗೂ ಮಕ್ಕಳ ಮೇಲಿನ ಕಾಳಜಿಯೇ. ಆ ಪುಟವನ್ನು ಅವರಿಗೂ ಕಳಿಸಿಕೊಡಿ.