ಜೇಬಿನಲ್ಲೊಂದು ಕಿತ್ತಳೆ

ವಿಜ್ಞಾನ ಕಥೆಗಳ ಜನರಿಗೆ ಊಟೋಪಚಾರದಲ್ಲಿ ಅಷ್ಟಾಗಿ ಆಸಕ್ತಿ ಇದ್ದಂತಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತಾರೆ; ಹೊಟ್ಟೆಗೆ ಒಂದು ಗುಳಿಗೆ, ಇಲ್ಲವೇ ಬಣ್ಣಗೆಟ್ಟ ಗಂಜಿ. ಅದಕ್ಕೇ ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಯ ಒಂದು ಕಂತೆಂದರೆ ನನಗೆ ವಿಶೇಷ ಪ್ರೀತಿ. 2005ರ ಕ್ರಿಸ್‌ಮಸ್ ದಿನ ಬಿಬಿಸಿಯಲ್ಲಿ ಪ್ರಸಾರವಾದ ಆ ಕಂತಿನಲ್ಲಿ ವೈರಿಯನ್ನು ಮುಗಿಸುವುದು ಒಂದು ಕಿತ್ತಳೆ.

ಧಾರಾವಾಹಿಯ ಮುಖ್ಯಪಾತ್ರ ಡಾಕ್ಟರ್, ಸಾವು ಹತ್ತಿರವಾದಾಗ ದೇಹ ಬದಲಿಸಿಕೊಳ್ಳುವ ಅನ್ಯಲೋಕದವನು. ಈಗಷ್ಟೇ ಹೊಸ ದೇಹ ತಳೆದ ಅವನು, ಅಂದರೆ ನಟ ಡೇವಿಡ್ ಟೆನೆಂಟ್, ಹಾಸಿಗೆಯಿಂದ ನೇರವಾಗಿ ಲೋಕರಕ್ಷಣೆಗೆ ಎದ್ದು ಬಂದವನು. ಮೈಮೇಲೆ ಪೈಜಾಮ, ಅದರ ಮೇಲೆ ಇನ್ನಾರದೋ ನಿಲುವಂಗಿ. ಅಂಗಿಯ ಒಡೆಯನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ಆದ್ದರಿಂದ ಜೇಬಿನಲ್ಲಿ ಹಣ್ಣಿನ ದಾಸ್ತಾನು. ಮೊದಲು ಸೇಬು ಸಿಗುತ್ತದೆ. ಅನ್ಯಗ್ರಹದ ನಾಯಕನನ್ನು ಕತ್ತಿಕಾಳಗದಲ್ಲಿ ಸೋಲಿಸಿ, ಪ್ರಾಣಭಿಕ್ಷೆ ಕೊಟ್ಟು ಹೊರಟಾಗ ಕೈಗೆ ಸಟ್ಸೂಮಾ ಎಂಬ ಕಿತ್ತಳೆ ಬರುತ್ತದೆ. ಕ್ರಿಸ್‌ಮಸ್ ಉಡುಗೊರೆಗಳ ತಳದಲ್ಲಿ ಸಿಗುವ ಈ ಹಣ್ಣು ಯಾರಿಗೆ ಬೇಕು ಎಂದು ಅವನು ಗೊಣಗುತ್ತಿರುವಾಗಲೇ ಸೋತವನು ಹಿಂದಿನಿಂದ ನುಗ್ಗುತ್ತಾನೆ. ಡಾಕ್ಟರ್ ತಿರುಗಿಯೂ ನೋಡದೆ ಹಣ್ಣನ್ನು ಎಸೆಯುತ್ತಾನೆ. ಅದು ನೌಕೆಯ ಗುಂಡಿಯೊಂದಕ್ಕೆ ತಾಗುತ್ತದೆ, ಕಾಲಡಿಯ ನೆಲ ಸರಿಯುತ್ತದೆ, ನಾಯಕ ಆಕಾಶದಿಂದ ಕೆಳಕ್ಕೆ.

ಬೇರೆ ಹಣ್ಣಾಗಿದ್ದರೆ? ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಹಿತ್ತಲನ್ನೇ ಲೆಕ್ಕಕ್ಕೆ ಹಿಡಿದು ಯೋಚಿಸಿದ್ದೇನೆ. ಚಕ್ಕೋತ ಯಾವ ಜೇಬಿಗೂ ಹಿಡಿಸದು. ಹೇರಳೆಕಾಯಿ ಬಡಿದರೆ ಗುಂಡಿಯೇ ಒಡೆದೀತು. ಲಿಂಬೆ ಅಳತೆಗೆ ಸರಿ, ಆದರೆ ನಡುರಾತ್ರಿ ಹಸಿದು ಎದ್ದವನು ಲಿಂಬೆ ತಿನ್ನುತ್ತಾನೆಯೇ? ಸುಳ್ಯದ ದಾರಿಯಾಗಿ ಇಳಿದು ಬರುವ ಕೊಡಗಿನ ಕಿತ್ತಳೆಯೊಂದೇ ಈ ಪಾತ್ರಕ್ಕೆ ಯೋಗ್ಯ. ಸಟ್ಸೂಮಾ ಅದರ ಬಳಗದ್ದೇ. ಕತ್ತಿಯ ಹಂಗಿಲ್ಲದೆ ಉಗುರಿಗೇ ಬಿಟ್ಟುಕೊಡುವ ಸಡಿಲ ಸಿಪ್ಪೆ. (ಉಡುವ ಮುಂಡು ಪಂಚೆಗೆ ಜೇಬಿಲ್ಲ ಎಂಬುದು ನಮ್ಮ ಕಡೆಯ ವೀರರ ತೊಡಕು.)

ಹಡಗಿಗೂ ಹುಳಿಹಣ್ಣಿಗೂ ನಂಟು ಹಳೆಯದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸಿ ಜೀವಸತ್ವದ ಕೊರತೆಯಿಂದ ಒಸಡು ಊದಿ ರಕ್ತ ಒಸರುವ ಸ್ಕರ್ವಿ ರೋಗ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದು ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ಲಿಂಬೆ ಕೊಟ್ಟ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡದ್ದು ಅವರೇ. ಮನುಷ್ಯನ ದೇಹ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಹಡಗು ಗಾಳಿಯಿಂದ ಹೋದರೂ ಬೆಳಕಿಗಿಂತ ವೇಗವಾಗಿ ಹೋದರೂ ಒಸಡು ಅದೇ ತಾನೆ. ಕತೆಗಾರರು ಲೇಸರ್ ಬಂದೂಕು ಮರೆಯುವುದಿಲ್ಲ, ಇದನ್ನು ಮರೆಯುತ್ತಾರೆ.

ಈ ಕತೆಯನ್ನೆಲ್ಲ ಅತ್ತೆಗೆ ಹೇಳಿದೆ. ಅನ್ಯಗ್ರಹದವರ ಬಗ್ಗೆ ಅವರು ಏನೂ ಕೇಳಲಿಲ್ಲ.

“ಎಸೆದ ಮೇಲೆ ಅದನ್ನು ಯಾರೂ ಹೆಕ್ಕಲಿಲ್ಲವಾ?” ಎಂದರು. “ಹಣ್ಣು ಹೋಗಲಿ, ಸಿಪ್ಪೆಯಾದರೂ ಒಂದು ಗೊಜ್ಜಿಗಾಗುತ್ತಿತ್ತು.”