ಅನುಮಾನ ಬಂದರೆ ಸಾಕು, ತಿಳಿಸಿ

ಬ್ರಿಟನ್ನಿನಲ್ಲಿ ಗಾಂಜಾ ಗಿಡದ ಔಷಧಿಗಳನ್ನು ತಜ್ಞ ವೈದ್ಯರು ಬರೆದುಕೊಡಬಹುದು ಎಂದಾದದ್ದು 2018ರ ನವೆಂಬರಿನಲ್ಲಿ. ಹೀಗೆ ಸಿಗುವ ಎಣ್ಣೆ, ಒಣಹೂವುಗಳಲ್ಲಿ ಹೆಚ್ಚಿನವಕ್ಕೆ ಸರ್ಕಾರ ಪರೀಕ್ಷಿಸಿ ಕೊಡುವ ಲೈಸೆನ್ಸ್ ಇಂದಿಗೂ ಇಲ್ಲ. ಅವುಗಳಿಂದ ಏನು ತೊಂದರೆಯಾಗುತ್ತದೆ ಎಂಬುದನ್ನು ತೆಗೆದುಕೊಂಡವರೇ ಹೇಳಬೇಕು. ಅದಕ್ಕೇ ಔಷಧಿಯ ಅಡ್ಡಪರಿಣಾಮವನ್ನು ಸರ್ಕಾರಕ್ಕೆ ಬರೆದು ತಿಳಿಸುವ ಇಲ್ಲಿನ ಯೆಲ್ಲೋ ಕಾರ್ಡ್ ಪದ್ಧತಿ ನನಗೆ ತುಂಬಾ ಹಿಡಿಸಿದ್ದು. ಗರ್ಭಿಣಿಯರು ನುಂಗಿದ ಥಾಲಿಡೋಮೈಡ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತ ಕಂಡ ಮೇಲೆ 1964ರಲ್ಲಿ ಶುರುವಾಯಿತು. 2005ರಿಂದ ರೋಗಿಗಳೂ ನೇರವಾಗಿ ಬರೆಯಬಹುದು. ಔಷಧಿಯಿಂದಲೇ ಆಯಿತೆಂದು ಸಾಬೀತು ಮಾಡಬೇಕಿಲ್ಲ, ಅನುಮಾನವಿದ್ದರೆ ಸಾಕು.

ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಇರುವ ಔಷಧಿಯಿಂದ ತಲೆಸುತ್ತು, ಎದೆಬಡಿತ, ಗಾಬರಿ, ಕೆಲವರಿಗೆ ಭ್ರಮೆ. ಅದರ ಇನ್ನೊಂದು ಅಂಶ, ಅಮಲೇರಿಸದ ಸಿಬಿಡಿಯೂ ನಿರಪಾಯವಲ್ಲ. ಫಿಟ್ಸ್‌ಗೆ ಕ್ಲೋಬಜಾಮ್ ನುಂಗುವ ಮಗುವಿಗೆ ಸಿಬಿಡಿ ಸೇರಿಸಿದರೆ ಕ್ಲೋಬಜಾಮಿನ ಪ್ರಭಾವವೇ ಹೆಚ್ಚಿ ಮಗು ಮಂಪರಿಗೆ ಜಾರಬಹುದು. ಫಿಟ್ಸ್‌ನ ಇನ್ನೊಂದು ಔಷಧಿ ವಾಲ್‌ಪ್ರೊಯೇಟ್ ಜೊತೆಗಾದರೆ ಲಿವರ್‌ಗೆ ಪೆಟ್ಟು ಬೀಳಬಹುದು. ಹಾಗಾಗಿ "ಮಗು ಎಬ್ಬಿಸಿದರೂ ಏಳುತ್ತಿಲ್ಲ" ಎಂದಷ್ಟೇ ಬರೆದರೆ ಸಾಲದು. ಎಷ್ಟು ಹನಿ, ಜೊತೆಗೆ ಯಾವ ಮಾತ್ರೆ, ಬಾಟಲಿಯ ಬ್ಯಾಚ್ ನಂಬರ್ ಎಷ್ಟು ಎಂದೂ ಬರೆಯಬೇಕು. (ಏಳದ ಮಗುವನ್ನು ಮೊದಲು ಆಸ್ಪತ್ರೆಗೆ ಒಯ್ಯಬೇಕು, ಬರೆಯುವುದು ಆಮೇಲೆ.)

ನಮ್ಮ ನಾಡಿಗೆ ಭಂಗಿ ಸೊಪ್ಪು, ಅಂದರೆ ಗಾಂಜಾ ಗಿಡದ ಎಲೆ, ಹೊಸದಲ್ಲ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಬರೀ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವಿಜಯಾ ಎಂಬ ಹೆಸರಿನಲ್ಲಿ ಅದು ಆಯುರ್ವೇದದ ಔಷಧಿಗಳಲ್ಲಿದೆ. ನಿದ್ದೆಗೋ ಮಂಡಿನೋವಿಗೋ ಅದನ್ನು ತೆಗೆದುಕೊಳ್ಳುವ ಎಷ್ಟೋ ಹಿರಿಯರು ಬಿಪಿ ನೋಡುವ ಡಾಕ್ಟರಿಗೆ ಹೇಳುವುದಿಲ್ಲ. ಸೊಪ್ಪಿನ ಔಷಧಿ ಏನೂ ಮಾಡಲ್ಲ ಎಂಬ ನಂಬಿಕೆ ಒಂದು ಕಡೆ, ಗಾಂಜಾ ಅಂದರೆ ಪೊಲೀಸು ಎಂಬ ಹೆದರಿಕೆ ಇನ್ನೊಂದು ಕಡೆ. ಬ್ರಿಟನ್ನಿಗೆ ಬಂದ ನಮ್ಮವರೂ ಆ ಸಂಕೋಚವನ್ನು ಜೊತೆಗೇ ತಂದಿದ್ದಾರೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಹೀಗೆ ಮುಚ್ಚಿಟ್ಟರೆ ಅಪಾಯ ಸಣ್ಣದಲ್ಲ.

ಹಾಗಂತ ಭಾರತದಲ್ಲಿ ವ್ಯವಸ್ಥೆಯೇ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಇದೆ. ಆಯುಷ್ ಔಷಧಿಗಳಿಗೆ ಪ್ರತ್ಯೇಕ ಜಾಲವೂ ಉಂಟು. ಕೊರತೆ ಇರುವುದು ಬಳಕೆಯಲ್ಲಿ. ಹುಬ್ಬಳ್ಳಿಯ ಮೆಡಿಕಲ್ ಶಾಪಿನಲ್ಲೂ ಮೈಸೂರಿನ ಆಯುರ್ವೇದ ಅಂಗಡಿಯಲ್ಲೂ ಆ ಕನ್ನಡ ಫಾರಂ ಗಿರಾಕಿಯ ಕೈಗೆ ಎಟುಕುವಂತಿರಬೇಕು. ಔಷಧಿ ಕೊಡುವವರು "ಬೇರೆ ಏನೇನು ತಗೋತೀರಿ? ತೊಂದರೆ ಆದರೆ ಇದರಲ್ಲಿ ಬರೀರಿ" ಎಂದು ಬಾಯಿಬಿಟ್ಟು ಹೇಳಬೇಕು.